ಜಾಣಮರಿ

ಮಾರ್ಚ್ ೧೧, ಮಂಗಳವಾರ

ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಪ್ಲಂಬರ್ ಬಂದಿದ್ದರು. ನರೆತ ಮೀಸೆ, ನಮ್ಮಪ್ಪನ ವಯಸ್ಸು. ಕೆಲಸ ಮುಗಿಸಿ ಕುಡಿಯಲು ನೀರು ಕೇಳಿದರು, ಕೊಟ್ಟೆ. ಗಟಗಟ ಕುಡಿದು ಲೋಟ ಕೆಳಗಿಟ್ಟದ್ದೇ ತಡ, ನನ್ನ ಬಾಯಿಂದ ಬಂದೇಬಿಟ್ಟಿತು: "ಅಯ್ಯೋ, ಪೂರ್ತಿ ಕುಡಿದ್ಬಿಟ್ಯಾ ನನ್ ಜಾಣಮರಿ!"

ನಾಲಿಗೆ ಕಚ್ಚಿಕೊಂಡೆ. ಏನು ಮಾಡಲಿ, ಬೆಳಗಿನಿಂದ ಸಂಜೆವರೆಗೆ ಈ ಮನೆಯಲ್ಲಿ ನನ್ನ ಮಾತೆಲ್ಲ ಎಂಟು ತಿಂಗಳ ಮಗಳ ಜೊತೆಗೇ. ದೊಡ್ಡವರ ಹತ್ತಿರ ಮಾತಾಡುವ ಅಭ್ಯಾಸವೇ ತಪ್ಪಿಹೋಗಿದೆ. ಅವರು ನಗಲಿಲ್ಲ. ಮೀಸೆ ಒರೆಸಿಕೊಂಡು, "ನಮ್ಮಮ್ಮ ಹೋದ್ಮೇಲೆ ಯಾರೂ ನಂಗೆ ಹಾಗೆ ಅಂದಿರ್ಲಿಲ್ಲ ಕಣಮ್ಮ," ಅಂದು ಚೀಲ ಎತ್ತಿಕೊಂಡು ಹೋದರು.

ಇವರು ಬಂದಾಗ ಹೇಳೋಣ ಅಂತಿದ್ದೆ. ಬಂದವರು ಉಂಡು, ಮಗಳ ಕೆನ್ನೆ ಮುಟ್ಟಿ, "ನಲ್ಲಿ ಸರಿಹೋಯ್ತಾ?" ಅಂತ ಕೇಳಿ ಮಲಗಿಬಿಟ್ಟರು. ಸರಿಹೋಗಿದೆ. ಈಗ ಅದು ತೊಟ್ಟಿಕ್ಕುವ ಸದ್ದೂ ಇಲ್ಲ.

ಮಗಳಿಗೆ ಹಾಲೂಡಿಸಿ ಎದ್ದೆ, ವಿಪರೀತ ಬಾಯಾರಿಕೆ. ಒಂದು ಲೋಟ ನೀರು ಪೂರ್ತಿ ಕುಡಿದು ಕೆಳಗಿಟ್ಟೆ. ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.