ಹಾವುಮೀನಿಗೆ ಎರಡನೆಯ ಬೀಳ್ಕೊಡುಗೆ

ಬುಧವಾರ, ಅಂಗಡಿಯಿಂದ

ಪ್ರೀತಿಯ ಅತ್ತೆಗೆ,

ಅಲ್ಲ, ಹಾಗಂದು ಫೋನ್ ಇಟ್ಟುಬಿಟ್ಟರೆ ಮಾತು ಮುಗಿಯಿತಾ? ನನ್ನದಿನ್ನೂ ಅರ್ಧ ಬಾಕಿ ಇತ್ತು. ತಿರುಗಿ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಹಾಕಿದೆ, ಒಂದೇ ಟಿಕ್ ಬಂದು ನಿಂತಿತು. ಬ್ಲಾಕ್ ಮಾಡುವುದು ಹೇಗೆ ಎಂದು ನಿಮಗೆ ಕಲಿಸಿದವಳೇ ನಾನು, ಅತ್ತೆ. ಅದನ್ನು ಮೊದಲು ನನ್ನ ಮೇಲೇ ಪ್ರಯೋಗ ಮಾಡುತ್ತೀರಿ ಎಂದು ಗೊತ್ತಿದ್ದರೆ ಫೋಟೋ ಕಳಿಸುವುದಷ್ಟನ್ನೇ ಕಲಿಸಿ ಸುಮ್ಮನಾಗುತ್ತಿದ್ದೆ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಂಜೆ ಮಾವ ಕನ್ನಡಕ ರಿಪೇರಿಗೆ ಬಂದಾಗ ಅವರ ಜೇಬಿಗೆ ತುರುಕುತ್ತೇನೆ. ಮಧ್ಯೆ ಮಧ್ಯೆ ಎದ್ದು ಗಿರಾಕಿಗಳ ಮೂಗಿನ ಮೇಲೆ ಫ್ರೇಮ್ ಕೂರಿಸಿ ಬರಬೇಕು. ಅಕ್ಷರ ಸೊಟ್ಟಗಿದ್ದರೆ ಕೋಪ ಎಂದುಕೊಳ್ಳಬೇಡಿ. ಕೋಪವೂ ಇದೆ, ಅದು ಬೇರೆ ವಿಷಯ.

ಹೇಳಬೇಕಾದದ್ದು ಒಂದೇ. ಬರುವ ಭಾನುವಾರದ್ದು ನಿಲ್ಲಬೇಕು.

ನಾನು ಈ ಊರಿಗೆ ಬಂದು ನಾಲ್ಕೇ ವರ್ಷವಾದರೂ ನಿಮ್ಮ ಹೋಟೆಲಿಗೆ ನನಗಿಂತ ದೊಡ್ಡ ಅಭಿಮಾನಿ ಯಾರಿದ್ದಾರೆ ಹೇಳಿ. ಯಾರೂ ಕೇಳದಿದ್ದರೂ ನಿಮ್ಮ ಹೊಗೆ ಹಾವುಮೀನಿನ ಹೆಸರಲ್ಲಿ ಆನ್‌ಲೈನ್ ಬಳಗ ಕಟ್ಟಿದವಳು ನಾನು. ಒಲೆಯ ಮೇಲೆ ಇಡೀ ಬೆಳಗ್ಗೆ ಹೊಗೆ ಕುಡಿದು, ಆಮೇಲೆ ಮಣ್ಣಿನ ಮಡಕೆಯಲ್ಲಿ ಹುಳಿ ಜೊತೆ ಕುದಿಯುವ ಆ ಮೀನಿನ ಬಗ್ಗೆ ನಾನು ಬರೆದಷ್ಟು ಯಾರೂ ತಮ್ಮ ಮದುವೆಯ ಬಗ್ಗೆಯೂ ಬರೆದಿರಲಿಕ್ಕಿಲ್ಲ. ನಿಮ್ಮಜ್ಜಿಯಿಂದ ನಿಮಗೆ ಬಂತು, ಬೋರ್ಡಿನ ಮೇಲೂ ಅದರದ್ದೇ ಚಿತ್ರ, ಇಡೀ ಊರಲ್ಲಿ ಇನ್ನೆಲ್ಲೂ ಸಿಗುವುದಿಲ್ಲ, ಇತ್ಯಾದಿ ಇತ್ಯಾದಿ. ಅದನ್ನೆಲ್ಲ ಓದಿಯೇ ನೀವು ನನಗೆ ಮೈಕು ಎಂದು ಹೆಸರಿಟ್ಟಿದ್ದು. ‘ನಮ್ಮ ಮೈಕು ಬಂತು, ಸೌಟು ಕೂಡ ಈಗ ನ್ಯೂಸ್ ಆಗತ್ತೆ’ ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಿರಿ.

ಆಮೇಲೆ ಅದೇ ಬಳಗದಲ್ಲಿ ಯಾರೋ ಹಾವುಮೀನಿನ ಸಂತತಿ ಮುಗಿಯುತ್ತಾ ಬಂದಿದೆ ಎಂದು ಹಾಕಿದರು. ಜಗಳ ಆಡಲಿಕ್ಕೆಂದೇ ಓದಲು ಕೂತೆ. ಓದಿ ಸುಸ್ತಾದೆ. ಅದು ಬದುಕಿನಲ್ಲಿ ಒಂದೇ ಸಲ ಮೊಟ್ಟೆ ಇಡಲು ನದಿ ಬಿಟ್ಟು ಸಮುದ್ರದ ಆಚೆ ತುದಿಗೆ ಈಜುತ್ತದಂತೆ, ಹೋದದ್ದು ತಿರುಗಿ ಬರುವುದಿಲ್ಲವಂತೆ. ಕೊಳದಲ್ಲಿ ಸಾಕಿದ್ದು ಎಂದು ಮಾರುವವರೂ ಮರಿಯನ್ನು ಹೊಳೆಯಿಂದಲೇ ಬಾಚಿ ತಂದಿರುತ್ತಾರಂತೆ. ಓಡಿ ಬಂದು ನಿಮ್ಮ ಅಡುಗೆಮನೆಯಲ್ಲಿ ಭಾಷಣ ಬಿಗಿದೆ, ನೆನಪಿದೆಯಾ? ನೀವು ಒಲೆ ಒರೆಸುತ್ತಾ ಕೇಳಿ, ‘ಸರಿ ಕಣೇ, ನಿಲ್ಲಿಸ್ತೀನಿ ಬಿಡು’ ಎಂದಿರಿ. ಅಷ್ಟೇ. ಚಮಚ ಯಾವ ಡಬ್ಬಿಯಲ್ಲಿರಬೇಕು ಎಂದು ಮಾವನ ಜೊತೆ ಅರ್ಧ ದಿನ ವಾದ ಮಾಡುವ ಹೆಂಗಸು ನೀವು. ನನಗೆ ಆಗಲೇ ಅನುಮಾನ ಬರಬೇಕಿತ್ತು. ನಾನೋ, ನನ್ನ ಮಾತಿನ ಪ್ರಭಾವ ಎಂದು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋದೆ.

ಹೋಗಿ ಮಾಡಿದ್ದೇನು, ಪೋಸ್ಟ್. ‘ಅತ್ತೆಯ ಹಾವುಮೀನಿಗೆ ಬೀಳ್ಕೊಡುಗೆ, ಇದೇ ಭಾನುವಾರ, ಇನ್ನು ಮುಂದೆ ಇಲ್ಲ.’ ನಾಲ್ಕು ಜನ ಬಂದು ಕಣ್ಣೊರೆಸಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ಅಷ್ಟು ದಿನ ತಿರುಗಿಯೂ ನೋಡದವರೆಲ್ಲ ‘ನಮಗೊಂದು ಟೇಬಲ್’ ಎಂದು ಎದ್ದು ಕೂತರು. ಒಬ್ಬ ಬಸುರಿ, ‘ಮುಂದೆ ನನ್ನ ಮಗು ಕೇಳಿದ್ರೆ ನೀನೂ ತಿಂದಿದ್ದೆ ಅಂತ ಹೇಳ್ಬೋದಲ್ಲ’ ಎಂದು ಬರೆದಳು. ಇನ್ನೊಬ್ಬ ಫ್ರೀಜರಿನಲ್ಲಿಡಲು ಪಾರ್ಸೆಲ್ ಕೊಡುತ್ತೀರಾ ಎಂದ. ಮತ್ತೊಬ್ಬ ಮಾತ್ರ ನನ್ನ ಫೋಟೋ ನೋಡಿ, ‘ಇದು ಹಾವುಮೀನೇನಾ? ತೊಗಲು ನೋಡಿದ್ರೆ ಡೌಟು’ ಎಂದು ಹಾಕಿದ. ನಿಮ್ಮ ಪರವಾಗಿ ಅವನ ಮೇಲೆ ಹೇಗೆ ಬಿದ್ದೆ ಗೊತ್ತಾ? ‘ನಿಮಗೆ ಕನ್ನಡಕ ಬೇಕು ಸಾರ್, ನಮ್ಮ ಅಂಗಡಿಗೆ ಬನ್ನಿ, ಡಿಸ್ಕೌಂಟ್ ಕೊಡಿಸ್ತೀನಿ’ ಎಂದೆ. ಲೈಕಿನ ಮೇಲೆ ಲೈಕು ಬಿದ್ದವು. ಪಾಪ ಮನುಷ್ಯ ಬಳಗ ಬಿಟ್ಟೇ ಹೋದ.

ಅವನು ಹೇಳಿದ್ದು ಸರಿಯಾಗಿತ್ತು.

ಭಾನುವಾರ ಬೆಳಗ್ಗೆ ಕೈಜೋಡಿಸೋಣ ಎಂದು ಬಂದರೆ ಪಾತ್ರೆ ತೊಳೆಯುವ ಜಾಗದಲ್ಲಿ ದೊಡ್ಡ ಟಬ್ಬು, ಅದರ ತುಂಬ ಕಪ್ಪಗೆ ಮಿಸುಕಾಡುವ ಹಾವುಮೀನು, ಪಕ್ಕದಲ್ಲಿ ಇನ್ನೊಂದು ಟಬ್ಬು. ನೀವು ಕೈ ಹಾಕಿ ಒಂದನ್ನು ಎತ್ತಿದಿರಿ, ಅದು ಸೋಪಿನ ಹಾಗೆ ಜಾರಿ ನೆಲಕ್ಕೆ ಬಿದ್ದು ಗ್ಯಾಸ್ ಸಿಲಿಂಡರಿನ ಹಿಂದೆ ಹೊಕ್ಕಿತು. ಇನ್ನೊಂದನ್ನು ಎತ್ತಿದಿರಿ, ಅದೂ ಹಾಗೇ. ಬಾಗಿಲಲ್ಲಿ ನಿಂತಿದ್ದ ಮಾವ ತಣ್ಣಗೆ, ‘ಕೈಗೆ ಬೂದಿ ಹಚ್ಕೋಬೇಕಲ್ವೇನೇ? ಆರು ವರ್ಷ ಆಯ್ತು, ಮರ್ತೇಬಿಟ್ಟಿದ್ದೀಯ’ ಎಂದುಬಿಟ್ಟರು. ಪುಣ್ಯಾತ್ಮರಿಗೆ ನಾನು ಹಿಂದಿದ್ದೇನೆ ಎನ್ನುವುದು ಆಮೇಲೆ ಗೊತ್ತಾಯಿತು. ನೀವು ನನ್ನ ಮುಖವನ್ನೂ ನೋಡದೆ, ‘ಬಾಗ್ಲು ಹಾಕ್ಕೊಂಡು ಒಳಗೆ ಬಾ’ ಎಂದಿರಿ.

ಒಳಗೆ ಬಂದ ಮೇಲೆ ಗೊತ್ತಾಯಿತು, ಆರು ವರ್ಷದಿಂದ ಆ ಮಡಕೆಯಲ್ಲಿ ಬೆಂದದ್ದು ಕೊಳದಲ್ಲಿ ಸಾಕಿದ ಮೀಸೆಮೀನು. ಹೊಗೆಯಲ್ಲಿ ಕಪ್ಪಾಗಿ, ಹುಳಿಯಲ್ಲಿ ಮೆತ್ತಗಾದ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಬೂದಿ ತಿಕ್ಕಿಕೊಳ್ಳುತ್ತಾ ಹೇಳಿದಿರಿ: ‘ಆ ವರ್ಷ ಮೀನಿನವನು ತಂದಿದ್ದು ಪೆನ್ಸಿಲ್ ದಪ್ಪ ಇತ್ತು ಕಣೇ. ದೊಡ್ಡದಿಲ್ವೇನೋ ಅಂದ್ರೆ, ಇದ್ರೆ ತರ್ತಿರ್ಲಿಲ್ವಾ ಅಂದ. ಕುಯ್ಯೋಕೆ ಮನಸ್ಸು ಬರ್ಲಿಲ್ಲ. ಬೋರ್ಡ್ ಇಳಿಸೋಕೂ ಮನಸ್ಸು ಬರ್ಲಿಲ್ಲ.’

ಅತ್ತೆ, ನಿಮಗೆ ಗೊತ್ತಾಗುತ್ತಿಲ್ಲ. ನಾನು ಈಗ ಓದಿ, ಫಾರ್ವರ್ಡ್ ಮಾಡಿ, ಜಗಳವಾಡಿ ಕಂಡುಕೊಂಡದ್ದನ್ನು ನೀವು ಯಾರಿಗೂ ಹೇಳದೆ ಆರು ವರ್ಷ ಹಿಂದೆಯೇ ಮಾಡಿ ಮುಗಿಸಿದ್ದಿರಿ. ಅಲ್ಲಿಗೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಮೀಸೆಮೀನಿಗೇ ಒಂದು ಹಾರ ಹಾಕಿ ಬೀಳ್ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಇಲ್ಲ, ನಿಮಗೆ ನಿಜವಾದದ್ದೇ ಬೇಕಾಯಿತು. ‘ದಿನಾ ಬಡ್ಸೋದು ವ್ಯಾಪಾರ. ಇದು ಬೀಳ್ಕೊಡುಗೆ. ಹೆಣ ಇಲ್ದೆ ಮಣ್ಣು ಮಾಡ್ತಾರೇನೇ?’ ಎಂದು ನನ್ನನ್ನೇ ಕೇಳಿದಿರಿ. ಮುಗಿಯುತ್ತಿರುವ ಪ್ರಾಣಿಯನ್ನು ಉಳಿಸಲು ಹೊರಟವರು, ಹಿಂದೆ ವರ್ಷಕ್ಕೆ ಬೇಕಾಗುತ್ತಿದ್ದಷ್ಟನ್ನು ಒಂದೇ ಬೆಳಗ್ಗೆ ಕುಯ್ದೆವು. ಪ್ರಪಂಚದಲ್ಲಿ ಇನ್ಯಾವ ಮನೆಯಲ್ಲಾದರೂ ಇಂಥದ್ದು ನಡೆಯುತ್ತದಾ?

ಆದದ್ದು ಆಯಿತು. ಅದನ್ನೂ ನುಂಗಿಕೊಂಡು ನಾನು ಸುಮ್ಮನೆ ತಟ್ಟೆ ಹೊತ್ತೆ. ಆಮೇಲೆ ಹಲ್ಲಿನ ಡಾಕ್ಟರು ಅವರಮ್ಮನನ್ನು ಕರೆತಂದರು. ಆ ಅಜ್ಜಿ ಕುರ್ಚಿಯಲ್ಲಿ ಕೂತು, ಒಂದು ತುಂಡನ್ನು ನಾಲಿಗೆಯ ಮೇಲಿಟ್ಟುಕೊಂಡು, ಅಗಿಯುವುದನ್ನು ನಿಲ್ಲಿಸಿ ನಿಮ್ಮ ಕೈ ಹಿಡಿದುಕೊಂಡು, ‘ಇದೇ. ಇಷ್ಟು ದಿನ ಇದನ್ನ ಎಲ್ಲಿಟ್ಟಿದ್ರಿ ತಾಯಿ?’ ಎಂದರು. ಡಾಕ್ಟರು ನಕ್ಕು, ಅಮ್ಮನಿಗೆ ಮರೆವು, ಪ್ರತಿ ತಿಂಗಳೂ ಇಲ್ಲೇ ತಿಂತಾರೆ ಎಂದರು. ಅಜ್ಜಿಗೆ ಮರೆವು ಇಲ್ಲ ಎಂದು ಆ ಕೋಣೆಯಲ್ಲಿ ಮೂರೇ ಜನಕ್ಕೆ ಗೊತ್ತಿತ್ತು. ನಾನು ನಿಮ್ಮ ಮುಖ ನೋಡಿದೆ. ನನ್ನ ನೂರು ಪೋಸ್ಟಿಗೂ ಆ ಮುಖ ಹಾಗೆ ಅರಳಿರಲಿಲ್ಲ. ಇದು ಇಲ್ಲಿಗೆ ಮುಗಿಯುವುದಿಲ್ಲ ಎಂದು ಆಗಲೇ ಅಂದುಕೊಂಡೆ. ನೆನೆಸಿದ್ದೇ ಆಯಿತು. ಊಟ ಸಿಗದೆ ಹೊರಗೆ ನಿಂತವರಿಗೆ ನೀವು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ‘ಬೇಜಾರ್ ಮಾಡ್ಕೋಬೇಡಿ, ಮುಂದಿನ ಭಾನ್ವಾರ ಇನ್ನೊಂದ್ಸಲ ಮಾಡೋಣ’ ಎಂದುಬಿಟ್ಟಿರಿ.

ಬೀಳ್ಕೊಡುಗೆ ಯಾರಾದರೂ ಎರಡು ಸಲ ಮಾಡುತ್ತಾರಾ ಅತ್ತೆ? ಎರಡಾದ ಮೇಲೆ ಮೂರಾಗುತ್ತದೆ, ಆಮೇಲೆ ಅದಕ್ಕೆ ‘ಪ್ರತಿ ಭಾನುವಾರ’ ಎನ್ನುತ್ತಾರೆ.

ನಿನ್ನೆ ಫೋನಿನಲ್ಲಿ, ‘ಹೆಂಗಿದ್ರೂ ಹಿಡಿದಾಗಿದೆ, ನಾನು ತಗೊಳ್ದೆ ಇದ್ರೆ ಇನ್ನೊಬ್ರು ತಗೋತಾರೆ’ ಎಂದಿರಿ. ಸುಳ್ಳು. ಮೀನಿನವನನ್ನು ಕೇಳಿಕೊಂಡೇ ಬಂದಿದ್ದೇನೆ. ‘ಹಿಡ್ಸೋದು ಇನ್ನು ಮೇಲೆ, ಶುಕ್ರವಾರ ಅಮ್ಮಾವ್ರು ಹೂಂ ಅಂದ್ರೆ’ ಎಂದ. ಅಂದರೆ ಈ ಕ್ಷಣ ಅವು ಇನ್ನೂ ಹೊಳೆಯಲ್ಲಿವೆ. ಶುಕ್ರವಾರ ನೀವು ಬಾಯಿ ಬಿಡಬಾರದು, ಅಷ್ಟೇ. ಅಜ್ಜಿಯರು ಆ ರುಚಿ ಇಲ್ಲದೆ ಹೋಗಿಬಿಡುತ್ತಾರೆ ಎಂದೂ ಹೇಳಿದಿರಿ. ಆದರೆ ಟೇಬಲ್ ಕೇಳಿದವರ ಹೆಸರೆಲ್ಲ ನನ್ನ ಫೋನಿಗೇ ಬರುತ್ತಿವೆ, ಅದರಲ್ಲಿ ಅಜ್ಜಿಯರಿಲ್ಲ. ಇರುವವರೆಲ್ಲ ನನ್ನ ವಯಸ್ಸಿನವರು. ತಟ್ಟೆ ಕಂಡರೆ ಮೊದಲು ಫೋಟೋ ತೆಗೆದು ಆರಿದ ಮೇಲೆ ತಿನ್ನುವ ಜಾತಿ.

ಇದನ್ನು ನಿಲ್ಲಿಸಲು ಒಂದೇ ದಾರಿ ಇದೆ. ಸುಮ್ಮನೆ ರದ್ದು ಎಂದರೆ ಇನ್ನೂ ಹೆಚ್ಚು ಜನ ಬರುತ್ತಾರೆ, ಈ ಬಳಗದ ಬುದ್ಧಿ ನನಗೆ ಚೆನ್ನಾಗಿ ಗೊತ್ತು. ನಿಜ ಹೇಳಬೇಕು. ಆರು ವರ್ಷ ನೀವೆಲ್ಲ ಚಪ್ಪರಿಸಿ ತಿಂದದ್ದು ಮೀಸೆಮೀನು, ಬೆರಳು ನೆಕ್ಕಿದ್ದೂ ಅದಕ್ಕೇ, ಇನ್ನು ಮುಂದೆಯೂ ಅದೇ ಸಿಗುತ್ತದೆ ಎಂದು ಹೇಳಬೇಕು. ಬರೆದೂ ಆಗಿದೆ, ಫೋನಿನಲ್ಲಿ ಕೂತಿದೆ, ಒತ್ತುವುದೊಂದು ಬಾಕಿ. ಒತ್ತಿದರೆ ‘ಇಷ್ಟು ವರ್ಷ ಮೋಸ ಮಾಡಿದ್ಳು’ ಎನ್ನುವವರೂ ಇರುತ್ತಾರೆ, ಇಲ್ಲ ಎಂದು ಹೇಳಿ ನಿಮಗೆ ತುಪ್ಪ ಸವರುವುದಿಲ್ಲ. ನಿಮ್ಮ ಮಾನ ನನ್ನ ಹೆಬ್ಬೆರಳಿನ ತುದಿಯಲ್ಲಿದೆ ಎಂದು ನೆನಪಾದಾಗಲೆಲ್ಲ ಫೋನನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿ ಮುಚ್ಚಿಡುತ್ತೇನೆ. ಮಾವನನ್ನು ಕೇಳಿದರೆ, ‘ನನ್ನ ಕೇಳ್ಬೇಡಿ, ನಾನು ಬರೀ ಕ್ಯಾಶ್ ಕೌಂಟ್ರು’ ಎನ್ನುತ್ತಾರೆ. ಕೌಂಟರಿನಿಂದಲೇ ಗುಟ್ಟು ಸೋರಿದ್ದು ಎಂದು ಅವರಿಗೆ ನೆನಪು ಮಾಡಿ.

ನೀವೇ ಹೇಳಿದರೆ ಚೆನ್ನ. ಬಾಗಿಲಲ್ಲಿ ನಿಂತು, ಅದೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಪೆನ್ಸಿಲ್ ದಪ್ಪದ ಮೀನಿನ ಕಥೆ ಹೇಳಿ. ನಾನು ವೀಡಿಯೋ ಮಾಡುತ್ತೇನೆ. ಬೈದವನಿಗೆಲ್ಲ ಒಬ್ಬೊಬ್ಬನಿಗೂ ನಾನು ಉತ್ತರ ಕೊಡುತ್ತೇನೆ, ಊಟ ನಿದ್ದೆ ಬಿಟ್ಟು ಕೊಡುತ್ತೇನೆ, ಅದೊಂದು ನನಗೆ ಚೆನ್ನಾಗಿ ಬರುತ್ತದೆ. ಆ ಡೌಟಿನ ಮನುಷ್ಯನನ್ನೂ ಹುಡುಕಿ ಕರೆತಂದು ಕ್ಷಮೆ ಕೇಳುತ್ತೇನೆ. ಶುಕ್ರವಾರ ಮಧ್ಯಾಹ್ನದವರೆಗೆ ಕಾಯುತ್ತೇನೆ.

ಬ್ಲಾಕ್ ಆದರೂ ನಿಮ್ಮವಳೇ ಆದ
ಮೈಕು

ಮರೆತಿದ್ದೆ: ಭಾನುವಾರ ಎಲ್ಲರೂ ಹೋದ ಮೇಲೆ ಮಡಕೆ ತೊಳೆಯುತ್ತೇನೆ ಎಂದು ಒಳಗೆ ಹೋದೆನಲ್ಲ, ತಳದಲ್ಲಿ ಮೂರು ತುಂಡು ಉಳಿದಿತ್ತು. ನಿಂತುಕೊಂಡೇ ತಿಂದೆ. ನಾನು ಬಳಗ ಕಟ್ಟಿದ್ದು ಯಾವುದರ ಹೆಸರಲ್ಲೋ ಅದನ್ನು ಬಾಯಿಗಿಟ್ಟದ್ದು ಅದೇ ಮೊದಲು. ಮೀಸೆಮೀನು ಅದರ ಹತ್ತಿರಕ್ಕೂ ಬರುವುದಿಲ್ಲ ಅತ್ತೆ, ಸುಳ್ಳು ಯಾಕೆ ಹೇಳಲಿ. ರಾತ್ರಿಯವರೆಗೆ ಬೆರಳು ಮೂಸಿಕೊಂಡಿದ್ದೆ. ಈ ರುಚಿ ಕೈಯಲ್ಲೇ ಇದ್ದೂ, ಒಂದು ಹೊಗಳಿಕೆಯ ಮಾತೂ ಇಲ್ಲದೆ, ಆರು ವರ್ಷ ಬೇಡ ಎಂದು ಕೂತಿದ್ದಿರಲ್ಲ. ಈಗ ಒಂದು ಭಾನುವಾರ ಬೇಡ ಎನ್ನಲು ನಿಮಗೆ ಆಗುವುದಿಲ್ಲವಾ?