ಹದಿಮೂರು ತುಂಬಿದ ಗಂಡುಮಕ್ಕಳಿಗೆ ಜಾಗವಿಲ್ಲ

ಲಾಂಡ್ರಿ ಅಂಗಡಿ, ಮೂರನೇ ಡ್ರೈಯರ್ ಎದುರಿನ ಬೆಂಚು,
ಮಿಲ್ವಾಕಿ.
೧೪ ನವೆಂಬರ್ ೨೦೨೦, ಶನಿವಾರ

ಪ್ರೀತಿಯ ಅಜ್ಜಿಗೆ,

ಮಿಸಿಸಿಪ್ಪಿ ಸೀಮೆಯ ಹಿರಿಯರ ವಸತಿಗೃಹದ ಎರಡನೇ ಮಹಡಿಯಲ್ಲಿ ವಿರಾಜಮಾನಳಾಗಿರುವ, ಚರ್ಚಿನಲ್ಲಿ ಮುಂದಿನ ಸಾಲು ಬಿಟ್ಟು ಬೇರೆಲ್ಲೂ ಕೂರದ ಶ್ರೀಮತಿ ವರ್ನೆಲ್ ಅವರ ಸನ್ನಿಧಿಗೆ ಅವರ ಒಬ್ಬನೇ ಮೊಮ್ಮಗ ಕ್ವಿನ್ಸಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಿನ್ನ ಮೊಣಕಾಲು ಹೇಗಿದೆ? ಸಕ್ಕರೆ ಇಳಿದಿದೆಯೋ ಇಲ್ಲವೋ? ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು, ಒಮ್ಮೆ ಬಡಿದು, ಕಳ್ಳರ ಹಾಗೆ ಓಡಿಹೋಗುತ್ತಾರೆ ಎಂದು ಬೈದಿದ್ದೆಯಲ್ಲ, ಈಗಲೂ ಹಾಗೇನಾ? ನಿನ್ನ ಕಟ್ಟಡದಲ್ಲಿ ಇನ್ನಿಬ್ಬರಿಗೆ ರೋಗ ಬಂತೆಂದು ಅಮ್ಮ ಹೇಳಿದಳು. ಕೋಣೆ ಬಿಟ್ಟು ಹೊರಗೆ ಬರಬೇಡ. ಹಾಡಬೇಕೆನಿಸಿದರೆ ಕಿಟಕಿ ತೆಗೆದು ಹಾಡು. ಆ ಬೀದಿಯ ಜನ ಏನು ಪಾಪ ಮಾಡಿದ್ದರೋ, ಅನುಭವಿಸಲಿ.

ಇದಾದ ಮೇಲೆ "ನಾವೂ ಇಲ್ಲಿ ಕ್ಷೇಮ" ಎಂದು ಬರೆಯುವುದು ಮರ್ಯಾದಸ್ಥರ ಪದ್ಧತಿ. ಅಮ್ಮ ಫೋನಿನಲ್ಲಿ ನಿನಗೆ ಅದನ್ನೇ ಹೇಳುತ್ತ ಬಂದಿದ್ದಾಳೆ. "ಮನೆಗೆ ಬಣ್ಣ ಹೊಡೀತಿದಾರಮ್ಮ, ಅದಕ್ಕೇ ಇಷ್ಟು ಗಲಾಟೆ" ಅಂದಳಲ್ಲ ಹೋದ ಭಾನುವಾರ, ಆ ಗಲಾಟೆ ಬಣ್ಣದವರದಲ್ಲ, ಹೆದ್ದಾರಿಯ ಲಾರಿಗಳದು. ಅಕ್ಟೋಬರ್ ಎರಡನೇ ವಾರದಿಂದ ನಾವು ವ್ಯಾನಿನಲ್ಲಿ ವಾಸವಾಗಿದ್ದೇವೆ. ನಿಂತಿದ್ದರೆ ದಯವಿಟ್ಟು ಕೂತುಕೊ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನ್ ಇರುವುದು ಒಂದೇ, ಅದು ಅಮ್ಮನ ಜೇಬಿನಲ್ಲಿ. ಸತ್ಯ ಹೇಳಲು ಅಂಚೆಚೀಟಿಯೇ ಗತಿ.

ಮನೆ ಹೇಗೆ ಹೋಯಿತೆಂದರೆ, ಅದೊಂದು ದೊಡ್ಡ ಸಾಹಸ ಪ್ರಸಂಗ. ಅಮ್ಮ ಕೆಲಸ ಮಾಡುವ ವೃದ್ಧಾಶ್ರಮದ ಗೇಟಿನಲ್ಲಿ "ಇಲ್ಲಿ ವೀರರು ದುಡಿಯುತ್ತಾರೆ" ಎಂದು ಬೋರ್ಡು ಹಾಕಿದ್ದಾರೆ. ಆಗಸ್ಟ್‌ನಲ್ಲಿ ಆ ವೀರರಲ್ಲೊಬ್ಬಳಿಗೆ, ಅಂದರೆ ಅಮ್ಮನಿಗೆ, ಅಲ್ಲೇ ರೋಗ ಅಂಟಿತು. ಮೂರು ವಾರ ಮಲಗಿದಳು. ವೀರರಿಗೆ ಮಲಗಿದ ದಿನಗಳ ಸಂಬಳ ಇಲ್ಲವಂತೆ. ಬಾಡಿಗೆ ನಿಂತಿತು. ಈ ರೋಗ ಮುಗಿಯುವವರೆಗೆ ಬಾಡಿಗೆಗಾಗಿ ಯಾರನ್ನೂ ಮನೆಯಿಂದ ಹೊರಹಾಕಬಾರದೆಂದು ಸರ್ಕಾರ ಆಜ್ಞೆ ಮಾಡಿದೆ. ನಮ್ಮ ಮಾಲೀಕ ಹಾಲ್ವರ್ಸನ್ ಕಾನೂನನ್ನು ಬಹಳ ಗೌರವಿಸುವ ಮನುಷ್ಯ. ಆದ್ದರಿಂದ ಅವನು ನಮ್ಮನ್ನು ಹೊರಹಾಕಲಿಲ್ಲ, ಬಾಗಿಲನ್ನು ಹೊರಹಾಕಿದ. "ಕೆಳಗೆ ಕೊಳೆತೋಗಿದೆ, ರಿಪೇರಿಗೆ ಒಯ್ತೀನಿ" ಎಂದು ಒಂದು ಸೋಮವಾರ ಬಂದು, ಬೀದಿ ಬಾಗಿಲನ್ನು ತಿರುಪು ಬಿಚ್ಚಿ ಹೊತ್ತುಕೊಂಡು ಹೋದವನು ತಿರುಗಿ ಬರಲಿಲ್ಲ. ಅಮ್ಮ ಹೊದಿಕೆ ಕಟ್ಟಿದಳು. ನಾನು ಅದರ ಮೇಲೆ "ದಯವಿಟ್ಟು ಮೂರು ಸಲ ಬಡಿಯಿರಿ" ಎಂಬ ಫಲಕ ತೂಗುಹಾಕಿ ಕೈಲಾದ ಸೇವೆ ಸಲ್ಲಿಸಿದೆ. ಒಂಬತ್ತು ದಿನ ಹಾಗೆ ಇದ್ದೆವು. ಸರೋವರದ ಕಡೆಯ ಗಾಳಿ ನೇರವಾಗಿ ಅಡುಗೆಮನೆಗೆ ಬಂದು ಕೂರುತ್ತಿತ್ತು. ಒಂಬತ್ತನೇ ದಿನ ಅಮ್ಮ ಕೆಲಸದಲ್ಲಿದ್ದಾಗ, ನಾನು ತಂಗಿ ನೈಲಾಳನ್ನು ಕರೆದುಕೊಂಡು ಶಾಲೆಯವರು ಹಂಚುವ ಊಟ ತರಲು ಹೋದಾಗ, ಯಾರೋ ಬಂದು ಟೀವಿ, ಕಂಬಳಿ, ಪೆಟ್ಟಿಗೆ ಎಲ್ಲ ಎತ್ತಿಕೊಂಡು ಹೋದರು. ಅವತ್ತು ಸಂಜೆ ನಾವು ಹೊರಟೆವು. ಹೀಗಾಗಿ ಕಾಗದದಲ್ಲಿ ನಮ್ಮನ್ನು ಯಾರೂ ಹೊರಹಾಕಿಲ್ಲ, ನಾವೇ ಇಷ್ಟಪಟ್ಟು ಹೋದೆವು. ಇದನ್ನು ನೆನೆದಾಗಲೆಲ್ಲ ಹಳಸಿದ ಹಾಲು ಕುಡಿದ ಹಾಗಾಗುತ್ತದೆ ಅಜ್ಜಿ. ಹೊಡೆದು ದಬ್ಬಿದ್ದರೂ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ವ್ಯಾನಿನ ವಾರ್ತೆಗಳು ಹೀಗಿವೆ. ನಾನು ಹಿಂದಿನ ಸೀಟಿನ ಮಹಾರಾಜ, ನೈಲಾ ನಡುವಿನ ಸೀಟಿನ ರಾಣಿ, ಅಮ್ಮನದು ಸ್ಟೀರಿಂಗ್ ಮುಂದಿನ ಸಿಂಹಾಸನ. ಅವಳು ಕಾಲು ಚಾಚಿ ಮಲಗಿ ಐದು ವಾರವಾಯಿತು. ಶಾಲೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಬೀಗ ಹಾಕಿದ ಲೈಬ್ರರಿಯ ಹಿಂದೆ ವ್ಯಾನ್ ನಿಲ್ಲಿಸಿದರೆ ಅವರ ವೈಫೈ ಗೋಡೆ ದಾಟಿ ಬರುತ್ತದೆ. ನನ್ನ ಹಿಂದೆ ಸೀಟು ಕಾಣಬಾರದೆಂದು ಪರದೆಯ ಮೇಲೆ ದಿನಕ್ಕೊಂದು ಚಿತ್ರ ಹಾಕುತ್ತೇನೆ: ಸೋಮವಾರ ಅರಮನೆ, ಮಂಗಳವಾರ ಚಂದ್ರಲೋಕ, ಬುಧವಾರ ನಮ್ಮ ಪ್ರಿನ್ಸಿಪಾಲರದೇ ಆಫೀಸು. ಬುಧವಾರದ ಚಿತ್ರಕ್ಕೆ ಶಿಕ್ಷೆಯಾಯಿತು, ಇಡೀ ತರಗತಿ ನಕ್ಕಿತು, ಸಾರ್ಥಕ. ಆದರೆ ಮೊನ್ನೆ ಮೇಡಂ ಒಂದು ಮಾತು ಹೇಳಿದರು, "ಈ ಕಷ್ಟದಲ್ಲೂ ಒಂದು ಒಳ್ಳೇದು ಏನಪ್ಪಾ ಅಂದ್ರೆ, ನಾವೆಲ್ಲ ನಮ್ಮ ನಮ್ಮ ಮನೇಲಿ ಹಾಯಾಗಿದೀವಿ." ನಾನು ಮೈಕ್ ಮುಚ್ಚಿ ನಾಯಿಯ ಹಾಗೆ ಬೊಗಳಿದೆ. ನೈಲಾ ಬೆಚ್ಚಿಬಿದ್ದಳು.

ನೈಲಾಳ ಉಬ್ಬಸ ನಿನಗೆ ಗೊತ್ತೇ ಇದೆ. ಅವಳ ಮದ್ದಿನ ಹೊಗೆ ಕೊಡುವ ಯಂತ್ರಕ್ಕೆ ಕರೆಂಟು ಬೇಕು, ವ್ಯಾನಿನಲ್ಲಿ ಅದು ನಡೆಯುವುದಿಲ್ಲ. ದಿನಕ್ಕೆ ಎರಡು ಸಲ ಈ ಲಾಂಡ್ರಿ ಅಂಗಡಿಗೆ ಬಂದು, ಒಗೆದದ್ದನ್ನೇ ಮತ್ತೆ ಒಗೆಯುತ್ತ, ಡ್ರೈಯರ್ ಪಕ್ಕದ ಪ್ಲಗ್ಗಿಗೆ ಯಂತ್ರ ಸಿಕ್ಕಿಸುತ್ತೇವೆ. ನಮ್ಮಷ್ಟು ಶುಭ್ರ ವಸ್ತ್ರಧಾರಿಗಳು ಈ ಊರಿನಲ್ಲಿ ಯಾರೂ ಇಲ್ಲ. ಈ ಕಾಲದಲ್ಲಿ ಕೆಮ್ಮುವ ಮಗು ಎಂದರೆ ಏನೆಂದು ಕೇಳು. ಮೊನ್ನೆ ಅವಳು ನಾಲ್ಕು ಸಲ ಕೆಮ್ಮಿದ್ದಕ್ಕೆ ಒಬ್ಬಳು ತನ್ನ ಒದ್ದೆ ಬಟ್ಟೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು, "ಇಂಥೋರನ್ನ ಮನೇಲಿ ಇಟ್ಕೊಳೋಕೆ ಏನು ರೋಗ ಇವರಿಗೆ" ಎನ್ನುತ್ತ ಹೊರಟಳು. ಆರು ವರ್ಷದ ನಮ್ಮ ರಾಣಿ ಈಗ ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ತಡೆದುಕೊಳ್ಳುತ್ತಾಳೆ. ಅದನ್ನು ನಾನು ಕಲಿಸಲಿಲ್ಲ, ಅಮ್ಮನೂ ಕಲಿಸಲಿಲ್ಲ. ಚಳಿ ಏರಿದಷ್ಟೂ ಕೆಮ್ಮು ಏರುತ್ತಿದೆ. ನಮಗೆ ಬೇಕಾಗಿರುವುದು ಒಂದು ಪ್ಲಗ್ಗಿರುವ ಗೋಡೆ, ಅಷ್ಟೇ. ಜತೆಗೆ ಇನ್ನು ಮೂರು ಗೋಡೆ ಕೊಟ್ಟರೆ ಬೇಡ ಅನ್ನುವುದಿಲ್ಲ.

ಅದಕ್ಕಾಗಿ ಒಂದು ಆಫೀಸಿದೆ. ಅಕ್ಟೋಬರ್ ಕೊನೆಗೆ ನಮಗೆ ದಿನ ಕೊಟ್ಟರು. ಹಿಂದಿನ ದಿನ ಅಮ್ಮ ಏನು ಮಾಡಿದಳೆಂದು ನೀನು ಕೇಳಲೇಬೇಡ, ನೀನೇ ಅವಳನ್ನು ಹಾಗೆ ಬೆಳೆಸಿದ್ದು. ಇದೇ ಬೆಂಚಿನ ಮೇಲೆ ನೈಲಾಳನ್ನು ಮೂರು ಗಂಟೆ ಕೂರಿಸಿ, ಸಾಲುಸಾಲಾಗಿ ಜಡೆ ಹೆಣೆದು, ತುದಿಗೆ ಬಿಳಿ ಮಣಿ ಪೋಣಿಸಿದಳು. ನನ್ನ ಅಂಗಿಯ ಕಾಲರನ್ನು ಕೂದಲು ನೆಟ್ಟಗೆ ಮಾಡುವ ಇಕ್ಕಳದಲ್ಲಿ ಇಸ್ತ್ರಿ ಮಾಡಿದಳು. ನಮ್ಮ ಮುಖ, ಮೊಣಕಾಲು, ಮೊಣಕೈಗೆಲ್ಲ ವ್ಯಾಸಲೀನ್ ತಿಕ್ಕಿ, ನಮ್ಮ ಕಪ್ಪು ಚರ್ಮ ಒಣಗಿದಾಗ ಏಳುವ ಬೂದಿ ಬಣ್ಣ ಕಾಣದ ಹಾಗೆ ಹೊಳೆಯಿಸಿದಳು. ವ್ಯಾನಿನ ಒಳಗೆಲ್ಲ ಒರೆಸಿ ನಿಂಬೆ ವಾಸನೆ ಬರಿಸಿದಳು. ನಾನು, "ಅಮ್ಮಾ, ನಾವು ಮದುವೆಗೆ ಹೋಗ್ತಿಲ್ಲ" ಎಂದರೆ, "ಮುಚ್ಚೋ ಬಾಯಿ. ಅವರು ನಮ್ಮ ಮಾತು ಕೇಳೋ ಮುಂಚೆ ನಮ್ಮ ಬಟ್ಟೆ ನೋಡ್ತಾರೆ. ಮಕ್ಕಳು ಕೊಳಕಾಗಿದ್ರೆ ಮನೆ ಕೊಡಲ್ಲ, ಮಕ್ಕಳನ್ನೇ ಕಿತ್ಕೋತಾರೆ" ಎಂದಳು. ತಾನು ಈಸ್ಟರ್ ಹಬ್ಬದ ನೀಲಿ ಕೋಟು, ನೀನು ಕೊಟ್ಟ ಮುತ್ತಿನ ಓಲೆ ಹಾಕಿದಳು.

ಆಫೀಸಿನ ಒಳಗೆ ಯಾರನ್ನೂ ಬಿಡುವುದಿಲ್ಲ, ಹೊರಗೆ ಡೇರೆ ಹಾಕಿದ್ದಾರೆ. ಪ್ಲಾಸ್ಟಿಕ್ ಪರದೆಯ ಆಚೆ ಮಿಸ್ ಪ್ರುಯಿಟ್ ಎಂಬಾಕೆ ಪ್ರಶ್ನೆ ಓದಿದಳು. ಯಾರಾದರೂ ಹೊಡೆದಿದ್ದಾರಾ? "ಇಲ್ಲ." ಕುಡಿಯುವ ಅಭ್ಯಾಸ ಇದೆಯಾ? "ನಮ್ಮಮ್ಮನಿಗೆ ಗೊತ್ತಾದ್ರೆ ಜೀವ ತೆಗೀತಾಳೆ." ಮಕ್ಕಳು ಶಾಲೆ ತಪ್ಪಿಸುತ್ತಾರಾ? "ಒಂದು ದಿನಾನೂ ಇಲ್ಲ." ದಿನ ಕಳೆಯುವುದು ಕಷ್ಟ ಅನ್ನಿಸುತ್ತದಾ? "ಮಕ್ಕಳಿದಾರಲ್ಲ ಮೇಡಂ." ಒಟ್ಟಿನಲ್ಲಿ ಹೇಗಿದ್ದೀರಿ? ಅಮ್ಮ ಬೆನ್ನು ನೆಟ್ಟಗೆ ಮಾಡಿ, ನೀನು ಚರ್ಚಿನ ಮೆಟ್ಟಿಲ ಮೇಲೆ ಹೇಳುತ್ತೀಯಲ್ಲ, ಅದೇ ಸ್ವರದಲ್ಲಿ ಹೇಳಿದಳು: "ದೇವರ ದಯೆ, ಚೆನ್ನಾಗಿದೀವಿ." ಒಂದೊಂದು ಕೆಟ್ಟ ಉತ್ತರಕ್ಕೆ ಒಂದೊಂದು ಅಂಕವಂತೆ ಅಜ್ಜಿ. ಒಂಬತ್ತು ಅಂಕ ಬಂದವರಿಗೆ ಮನೆ. ಅಮ್ಮನಿಗೆ ನಾಲ್ಕು ಬಂತು. ಹೊಡೆಸಿಕೊಂಡು, ಕುಡಿದು, ನಮ್ಮನ್ನು ಶಾಲೆ ಬಿಡಿಸಿ ಬೀದಿಗೆ ಅಟ್ಟಿದ್ದರೆ ಪಾಸಾಗುತ್ತಿದ್ದಳು. ಮಿಸ್ ಪ್ರುಯಿಟ್ ನಮ್ಮ ಕೈಗೆ ಒಂದು ಫೋನ್ ನಂಬರಿನ ಚೀಟಿ, ಎರಡು ಮಾಸ್ಕ್ ಕೊಟ್ಟು, "ನೀವು ತುಂಬಾ ಗಟ್ಟಿ ಹೆಂಗಸು ಮೇಡಂ, ನಂಗೆ ಖುಷಿಯಾಯ್ತು" ಎಂದಳು. ಹೊಗಳಿಸಿಕೊಂಡು ಫೇಲಾದದ್ದನ್ನು ನಾನು ನೋಡಿದ್ದು ಜೀವನದಲ್ಲಿ ಅದೇ ಮೊದಲು. ವ್ಯಾನಿಗೆ ಬಂದ ಮೇಲೆ ಅಮ್ಮ ಓಲೆ ಬಿಚ್ಚಿ ಕೈಯಲ್ಲಿ ಹಿಡಿದಳು. "ನಾನೇನಪ್ಪ ತಪ್ಪು ಹೇಳಿದೆ?" ಎಂದು ಒಂದೇ ಸಲ ಕೇಳಿದಳು.

ಈ ಗುರುವಾರ ಮಿಸ್ ಪ್ರುಯಿಟ್ ಮತ್ತೆ ಕರೆಸಿದಳು. ಹೆಂಗಸರು ಮಕ್ಕಳಿಗೆಂದು ಒಂದು ಚರ್ಚಿನವರು ನಡೆಸುವ ಆಶ್ರಯದಲ್ಲಿ ಕೋಣೆ ಖಾಲಿಯಾಗಿದೆಯಂತೆ. ಎರಡು ಮಂಚ, ಹೀಟರು, ಪ್ಲಗ್ಗು. ನೈಲಾ "ಎಷ್ಟು ಪ್ಲಗ್ಗು?" ಎಂದು ಕೇಳಿದಳು. ಆಮೇಲೆ ನಿಯಮಾವಳಿ ಹೊರಬಂತು. ಹದಿಮೂರು ತುಂಬಿದ ಗಂಡುಮಕ್ಕಳಿಗೆ ಅಲ್ಲಿ ಜಾಗವಿಲ್ಲ; ಉಳಿದ ಹೆಂಗಸರಿಗೆ ಭಯವಾಗುತ್ತದಂತೆ. ಅಂಥವರಿಗೆ ಊರಿನ ಆ ತುದಿಯಲ್ಲಿ ಬೇರೆ ಜಾಗ ಇದೆಯಂತೆ, ರೋಗ ಇರುವುದರಿಂದ ಮನೆಯವರು ಬಂದು ನೋಡುವ ಹಾಗಿಲ್ಲವಂತೆ. ಮೊದಲ ಸಲ ಅವಳು "ಮಕ್ಕಳು: ಇಬ್ಬರು" ಎಂದಷ್ಟೇ ಬರೆದುಕೊಂಡಿದ್ದಳು. ಈಗ ನನ್ನನ್ನು ಬೂಟಿನಿಂದ ತಲೆಯವರೆಗೆ ನೋಡಿ, "ಇವನಿಗೆಷ್ಟು ವಯಸ್ಸು?" ಎಂದಳು. ಅಮ್ಮ ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾನು ದನಿ ಸಣ್ಣ ಮಾಡಿ "ಹನ್ನೆರಡು" ಎಂದುಬಿಟ್ಟೆ. "ದೊಡ್ಡ ಗಂಡಸಿನ ಥರ ಕಾಣ್ತಾನಲ್ಲ" ಎಂದಳು. ನನಗೆ ಹತ್ತು ತುಂಬಿದಾಗಿನಿಂದಲೂ ಅಂಗಡಿ ಕಾವಲುಗಾರರು ಇದನ್ನೇ ಹೇಳಿಕೊಂಡು ನನ್ನ ಬೆನ್ನ ಹಿಂದೆ ಬರುತ್ತಾರೆ, ನನಗೇನೂ ಹೊಸದಲ್ಲ. ಅಮ್ಮ ನೆಲ ನೋಡುತ್ತ, "ಅವರಪ್ಪನ ಕಡೆಯೋರು ಎತ್ತರ" ಎಂದಳು. ಗಮನಿಸು ಅಜ್ಜಿ, ಅದು ಸುಳ್ಳಲ್ಲ.

ವಯಸ್ಸಿಗೆ ಪುರಾವೆ ಬೇಕಂತೆ. ನಮ್ಮ ಜನನ ಪತ್ರಗಳು ಬಾಗಿಲಿಲ್ಲದ ಮನೆಯಿಂದ ಹೋದ ಪೆಟ್ಟಿಗೆಯಲ್ಲಿದ್ದವು. ಹೊಸದು ಕೊಡುವ ಕಿಟಕಿ ರೋಗದಿಂದಾಗಿ ಮುಚ್ಚಿದೆ, ಅಂಚೆಯಲ್ಲಾದರೆ ಎಂಟು ವಾರ. ಬಂದರೂ ಅದು ನನ್ನ ಪರವಾಗಿ ಸಾಕ್ಷಿ ಹೇಳುವುದಿಲ್ಲವೆನ್ನುವುದು ಬೇರೆ ಮಾತು. ಮುಂದಿನ ಗುರುವಾರದವರೆಗೆ ಕೋಣೆ ಹಿಡಿದಿಡುತ್ತೇನೆ ಎಂದಿದ್ದಾಳೆ. ವ್ಯಾನಿನಲ್ಲಿ ನಾನು ಅಮ್ಮನಿಗೆ ಬಹಳ ಗಂಭೀರವಾಗಿ, ಮಹಾರಾಜರು ಕೆಲವು ಕಾಲ ದೇಶಾಂತರ ಹೋಗಲು ಸಿದ್ಧರಿದ್ದಾರೆ, ರಾಣಿಯವರೂ ರಾಜಮಾತೆಯವರೂ ಪ್ಲಗ್ಗಿನ ಕೋಣೆಗೆ ದಯಮಾಡಿಸಲಿ ಎಂದು ಅಪ್ಪಣೆ ಕೊಡಿಸಿದೆ. ಅವಳು ನನ್ನ ಕಾಲರು ಹಿಡಿದುಕೊಂಡಳು. "ಲೋ, ಮೂರು ಜನಾನೂ ಒಳಗೆ, ಇಲ್ಲ ಮೂರು ಜನಾನೂ ಹೊರಗೆ. ಇನ್ನೊಂದ್ಸಲ ಈ ಮಾತೆತ್ತಿದ್ರೆ ನೋಡು." ಹಿಂದೆ ನೈಲಾ ಟವೆಲಿನಲ್ಲಿ ಕೆಮ್ಮುತ್ತಿದ್ದಳು.

ಡ್ರೈಯರ್ ನಿಂತಿತು, ಅಮ್ಮ ವ್ಯಾನಿನಿಂದ ಬರುವ ಹೊತ್ತಾಯಿತು. ನಿನ್ನ ಗೆಳತಿ ಒಫೀಲಿಯಾ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಅವರ ಹಲ್ಲಿನ ಸೆಟ್ಟನ್ನು ಬಚ್ಚಿಟ್ಟವನು ನಾನೇ ಎಂದು ಈಗ ಹೇಳಬಹುದು. ನೈಲಾ ನಿನಗೊಂದು ಮನೆ ಬರೆದಿದ್ದಾಳೆ, ಜತೆಗಿಟ್ಟಿದ್ದೇನೆ. ಗೋಡೆ ತುಂಬ ಇರುವ ಚುಕ್ಕೆಗಳು ಹೂವಲ್ಲ, ಪ್ಲಗ್ಗು. ನಮ್ಮ ಮೂವರಿಗೂ ಪ್ರಾರ್ಥನೆ ಮಾಡು, ಹಾಲ್ವರ್ಸನ್‌ಗೂ ನಿನಗೆ ತೋಚಿದ್ದನ್ನು ಮಾಡು.

ನಿನ್ನ ವಿಧೇಯ,
ಹಿಂದಿನ ಸೀಟಿನ ಮಹಾರಾಜ
ಕ್ವಿನ್ಸಿ

ಮರೆತಿದ್ದೆ: ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಮನೆಯ ದೊಡ್ಡ ಬೈಬಲ್ಲಿನಲ್ಲಿ ಹುಟ್ಟಿದ ದಿನ ಬರೆದಿಟ್ಟಿದ್ದರೆ, ಅದನ್ನು ಹಿರಿಯರು ಫೋನಿನಲ್ಲಿ ಓದಿ ಹೇಳಿದರೂ ಈಗಿನ ಮಟ್ಟಿಗೆ ಸಾಕು ಎಂದು ಮಿಸ್ ಪ್ರುಯಿಟ್ ಅಂದಳು. ಅಮ್ಮ ನೈಲಾಳನ್ನು ಎತ್ತಿಕೊಂಡು ಆಚೆ ಹೋದಾಗ ನಾನು ನಿನ್ನ ನಂಬರ್ ಕೊಟ್ಟೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಬರುತ್ತದೆ. ಅಮ್ಮನಿಗೆ ಗೊತ್ತಿಲ್ಲ. ನಿನ್ನ ಬೈಬಲ್ಲಿನಲ್ಲಿ ನನ್ನ ಹೆಸರಿನ ಮುಂದೆ ೨೦೦೭ ಎಂದು ನಿನ್ನ ಕೈಯಲ್ಲೇ ಬರೆದಿದ್ದೀಯ. ಅದನ್ನು ತಿದ್ದು ಎಂದು ನಾನು ಕೇಳುವುದಿಲ್ಲ, ಅಷ್ಟು ಕೆಟ್ಟಿಲ್ಲ ನಾನು. ಆ ಪುಸ್ತಕ ಮುಚ್ಚಿಡು, ಬೇಕಾದರೆ ಕಪಾಟಿನೊಳಗಿಡು, ಆಮೇಲೆ ಫೋನ್ ಎತ್ತಿ ೨೦೦೮ ಅನ್ನು. ನೀನು ಯಾವತ್ತೂ ಸುಳ್ಳು ಹೇಳಿದವಳಲ್ಲ, ಅದಕ್ಕೇ ಅವಳು ನಂಬುತ್ತಾಳೆ. ಅಜ್ಜಿ, ಇದು ನನ್ನ ತಮಾಷೆಗಳಲ್ಲಿ ಒಂದಲ್ಲ.