ತಮ್ಮ ಕಿಟಕಿಯಲ್ಲಿ ತಿಳಿಯಾದ ಕೆರೆ

ಮಾನ್ಯ ಕೆರೆ ಅಭಿವೃದ್ಧಿ ಅಧಿಕಾರಿಗಳೇ,

ಅರ್ಧ ಕೆರೆಯ ಹೂಳೆತ್ತಿದ್ದಕ್ಕೇ ನೀರು ಕನ್ನಡಿಯಂತಾಗಿದೆ ಎಂದು ತಾವು ಪತ್ರಿಕೆಯವರ ಮುಂದೆ ಸಾರಿದ್ದೀರಿ. ಸಾಕ್ಷಿಗೆ ತಮ್ಮ ಕಚೇರಿಯ ಕಿಟಕಿಯಲ್ಲಿ ಸಾಲಾಗಿ ನಿಂತ ಬಾಟಲಿಗಳನ್ನು ತೋರಿಸಿದ್ದೀರಿ. ಸ್ವಾಮಿ, ಆ ಬಾಟಲಿಗಳು ನನ್ನವು. ಅವು ತಿಳಿಯಾದದ್ದು ಬಿಸಿಲಿಗೆ. ಕೆರೆಗೆ ಈ ವಿಷಯ ಇನ್ನೂ ಗೊತ್ತಾಗಿಲ್ಲ.

ನಾನು ನೀರಿನ ಪ್ರಯೋಗಾಲಯದ ರಸಾಯನ ತಜ್ಞೆ. ಕೆರೆಯ ತಳದ ಕೆಸರನ್ನು ಕೊಳವೆಯಲ್ಲಿ ಎತ್ತಿ, ಅದರೊಳಗಿನ ನೀರನ್ನು ಹಿಂಡಿ, ಅದರಲ್ಲಿ ಕರಗಿರುವುದೇನು ಎಂದು ನೋಡುವುದು ನನ್ನ ಕೆಲಸ. ಎಷ್ಟೋ ವರ್ಷ ಕೊಳೆತ ಎಲೆ, ಬೇರು, ಪಾಚಿ ಎಲ್ಲ ಕರಗಿ ಆ ನೀರಿಗೆ ಚಹಾದ ಬಣ್ಣ ಬಂದಿರುತ್ತದೆ. ಈ ಬಣ್ಣಕ್ಕೂ ಬೆಳಕಿಗೂ ಎಣ್ಣೆ ಸೀಗೆಕಾಯಿ. ಅದಕ್ಕೇ ಕಂದು ಬಾಟಲಿಗೆ ತುಂಬಿ, ಮೇಲೆ ಬೆಳ್ಳಿಹಾಳೆ ಸುತ್ತಿ, ಫ್ರಿಜ್ಜಿನಲ್ಲಿಡುತ್ತೇವೆ. ತಾವು ಪರಿಶೀಲನೆಗೆ ಬಂದವರು ಅದನ್ನು ಕಂಡು ಮುಖ ಸಿಂಡರಿಸಿದಿರಿ.

"ಏನ್ರೀ ಇದು, ಹೀಗೆ ಮುಚ್ಚಿಟ್ರೆ ಜನ ನೋಡೋದು ಹೇಗೆ? ಒಳ್ಳೆ ಬಿಳಿ ಗಾಜಿನ ಬಾಟಲಿಗೆ ಹಾಕಿ, ನಮ್ಮ ಕಚೇರಿ ಕಿಟಕೀಲಿ ಇಡ್ಸಿ."

"ಸಾರ್, ಬಿಸಿಲಿಗೆ ಬಣ್ಣ ಹೋಗುತ್ತೆ."

"ಹೋದ್ರೆ ಒಳ್ಳೇದೇ ಅಲ್ವೇನ್ರೀ?"

ಇದನ್ನು ನಾನು ತಮಾಷೆ ಎಂದುಕೊಂಡೆ. ಅದು ಸರ್ಕಾರಿ ಯೋಜನೆ ಎಂದು ಹೊಳೆಯಲೇ ಇಲ್ಲ. ಬಿಸಿಲಿಗೆ ಬಣ್ಣ ಹೋದರೂ ಕರಗಿದ ವಸ್ತು ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಕಾಣದ ಸಣ್ಣ ತುಂಡುಗಳಾಗಿ ಅಲ್ಲೇ ಉಳಿಯುತ್ತದೆ. ನನ್ನ ಯಜಮಾನರ ಅಂಗಿಯನ್ನು ಬಣ್ಣ ಮಾಸುವವರೆಗೆ ಬಿಸಿಲಿಗೆ ಹಾಕಿ, ಒಗೆದಾಯಿತು ಎಂದರೆ ತಾವು ಒಪ್ಪುತ್ತೀರಾ? ಅವರು ಒಪ್ಪಿಯಾರು, ಆ ಮಾತು ಬೇರೆ.

ಈಗ ನಗು ಬಾರದ ಸಂಗತಿಗೆ ಬರುತ್ತೇನೆ. ತಮ್ಮ ಯಂತ್ರ ಕೆಸರನ್ನು ಕಲಕಿತು. ತಳದಲ್ಲಿ ತೆಪ್ಪಗಿದ್ದದ್ದೆಲ್ಲ ಮೇಲೆದ್ದು ನೀರಿಗೆ ಸೇರಿತು. ಬಣ್ಣ ಕಂಡು ಗಾಬರಿಯಾದ ನೀರು ಸರಬರಾಜಿನವರು ಕ್ಲೋರಿನ್ ಜಾಸ್ತಿ ಸುರಿದರು. ಇವೆರಡೂ ಕೂಡಿದರೆ ಹುಟ್ಟುವ ಸಂತಾನ ಯಾರ ಹೊಟ್ಟೆಗೂ ಒಳ್ಳೆಯದಲ್ಲ. ಮನೆಯಲ್ಲಿ ನಮ್ಮತ್ತೆ ಲೋಟ ಮೂಸಿ, "ಏನಮ್ಮಾ, ನಾನು ನೀರು ಕುಡೀತಿದೀನೋ, ಆಸ್ಪತ್ರೆ ನೆಲ ಒರೆಸಿದ್ದನ್ನ ಕುಡೀತಿದೀನೋ?" ಎಂದರು. ನಾನು ನಕ್ಕೆ. ತಿರುಗಿ ನೋಡಿದರೆ ಮಗಳು ಅದೇ ನಲ್ಲಿಯಿಂದ ಶಾಲೆಯ ಬಾಟಲಿ ತುಂಬಿಸಿಕೊಳ್ಳುತ್ತಿದ್ದಳು. ನನಗೆ ಭಯವಾಯಿತು ಸ್ವಾಮಿ, ಈಗಲೂ ಭಯವೇ ಇದೆ.

ಸೋಮವಾರ ಯಂತ್ರ ಉಳಿದರ್ಧಕ್ಕೆ ಇಳಿಯುತ್ತದಂತೆ. ಊರಿಗೆ ನೀರೆತ್ತುವ ಕೊಳವೆ ಇರುವುದೂ ಅಲ್ಲೇ. ಹೂಳು ಎತ್ತಲೇಬೇಡಿ ಎನ್ನುತ್ತಿಲ್ಲ. ನೀರಿಗೆ ಏನೇನು ಸೇರುತ್ತದೆ ಎಂದು ಅಳೆದು ನೋಡಿ ಎತ್ತಿ. ತಮ್ಮ ಕಿಟಕಿಗೆ ಹೋಗದಂತೆ ನಾನು ಉಳಿಸಿಕೊಂಡ, ಬಿಸಿಲು ಕಾಣದ ಬಾಟಲಿ ಒಂದು ನಮ್ಮ ಮನೆಯ ಫ್ರಿಜ್ಜಿನಲ್ಲಿ ಹಾಲಿನ ಹಿಂದೆ ಕೂತಿದೆ. ಅದನ್ನು ತಂದಿಟ್ಟ ದಿನ ರಾದ್ಧಾಂತ ಮಾಡಿದ್ದ ಅತ್ತೆ ಈಗ, "ನನ್ ಸೊಸೆ ಕೆಸರು ಅದು, ಯಾರಾದ್ರೂ ಮುಟ್ಟಿ ನೋಡೋಣ!" ಎಂದು ಕಾವಲಿದ್ದಾರೆ.

ಆದ್ದರಿಂದ ಯಂತ್ರವನ್ನು ನಿಲ್ಲಿಸಿ, ಸೋಮವಾರ ಬೆಳಿಗ್ಗೆ ತಾವು ಪ್ರಯೋಗಾಲಯಕ್ಕೆ ಬರಬೇಕು. ನಮ್ಮ ಬಾಟಲಿಯನ್ನೂ ತಮ್ಮ ಕಿಟಕಿಯ ಬಾಟಲಿಯನ್ನೂ ಪತ್ರಿಕೆಯವರ ಎದುರೇ ಅಕ್ಕಪಕ್ಕ ಇಡೋಣ. ಆಮೇಲೂ ನೀರು ಕನ್ನಡಿ ಎಂದೇ ತಮಗೆ ಅನ್ನಿಸಿದರೆ, ನಮ್ಮ ನಲ್ಲಿಯ ನೀರನ್ನು ಅತ್ತೆಯೇ ದೊಡ್ಡ ಲೋಟದಲ್ಲಿ ತಂದುಕೊಡುತ್ತಾರೆ. ಕೊಟ್ಟದ್ದನ್ನು ಪೂರ್ತಿ ಕುಡಿಯದೆ ಏಳುವವರನ್ನು ಅವರು ಬಿಡುವುದಿಲ್ಲ. ಮಗಳು ಅಲ್ಲಿಯವರೆಗೆ ತನ್ನ ಖಾಲಿ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ.

ಇಂತಿ,
ತಮ್ಮ ಕಚೇರಿಯವರೇ 'ಕೆಸರಮ್ಮ' ಎಂದು ನಾಮಕರಣ ಮಾಡಿದ,
ತಮ್ಮ ಕಿಟಕಿಗೊಂದು ಪರದೆ ಹಾಕಿಸಲಾಗದೆ ಸೋತವಳು